ಐನೂರ ನಲವತ್ತು ಹೆಜ್ಜೆ

“ಇನ್ನೂ ಸ್ವಲ್ಪ ಎಳೀರಿ, ಟೇಪು ಜೋತು ಬಿದ್ದಿದೆ,” ಎಂದಳು ಅಕ್ಕ.

ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಟ್ಯಾಕ್ಸಿ ಡ್ರೈವರ್ ಟೇಪನ್ನು ಬಿಗಿಯಾಗಿ ಎಳೆದು ಚೂಪುಬಂಡೆಯ ನೆತ್ತಿಗೆ ಒತ್ತಿ ಹಿಡಿದ. ಮೂವತ್ತು ಮೀಟರಿನ ಟೇಪನ್ನು ಹದಿಮೂರು ಸಲ ಪೂರ್ತಿ ಬಿಚ್ಚಿ ಸುತ್ತಿಯಾಗಿತ್ತು. ಇದು ಹದಿನಾಲ್ಕನೆಯದು.

“ಎಷ್ಟು ಬಂತು?”

“ಇಪ್ಪತ್ತು. ಒಂದೆರಡು ಇಂಚು ಆಚೆ ಈಚೆ.”

ಅಕ್ಕ ಕಾಗದದ ಮೇಲೆ ಕೂಡಿದಳು. ನಾನೂರ ಹತ್ತು ಮೀಟರು. ನಂಬಿಕೆ ಬಾರದೆ ಇನ್ನೊಮ್ಮೆ ಕೂಡಿದಳು. ನಾನೂರ ಹತ್ತೇ. ಅವಳ ಮುಖ ಸಪ್ಪಗಾಯಿತು.

“ಸರಿಹೋಗ್ಲಿಲ್ವಾ ಅಮ್ಮ?”

“ನಲವತ್ಮೂರು ಮೀಟರು ಜಾಸ್ತಿ ಬಂತು.”

“ನಲವತ್ಮೂರು ತಾನೆ? ಕಡಲ ದಂಡೇಲಿ ಅದನ್ನೆಲ್ಲ ಯಾರು ನೋಡ್ತಾರೆ?”

“ನಾವು ನೋಡ್ತೀವಿ. ನಾವಿಬ್ರೂ ಅನ್ನ ತಿಂದಿದ್ದು ಅದರಿಂದಲೇ,” ಎಂದಳು ಅಕ್ಕ. ‘ನಾವಿಬ್ಬರೂ’ ಎಂದರೆ ಅವಳು ಮತ್ತು ಅವಳ ತಮ್ಮ.

ಮೂರು ವಾರದ ಹಿಂದೆ ಒಂದು ಬುಧವಾರ ಅವಳ ತಮ್ಮ ಈ ಕಡಲಲ್ಲಿ ಮುಳುಗಿ ಸತ್ತಿದ್ದ. ಅದು ಅವನದೇ ತಪ್ಪು ಎಂದು ಒಪ್ಪಿ ಇವತ್ತು ಸಂಜೆ ನಾಲ್ಕು ಗಂಟೆಯೊಳಗೆ ಅವಳು ಪೊಲೀಸ್ ಠಾಣೆಯಲ್ಲಿ ಸಹಿ ಹಾಕಬೇಕಿತ್ತು.

ತಮ್ಮ ಪ್ರವಾಸಿ ಕೈಪಿಡಿ ಬರೆಯುವವನು. ಅಕ್ಕ ಅದೇ ಪ್ರಕಾಶನದಲ್ಲಿ ನಕ್ಷೆ ತಿದ್ದುವವಳು. ಅವನು ಊರುಗಳನ್ನು ಅಳೆಯುತ್ತಿದ್ದದ್ದು ತನ್ನ ಹೆಜ್ಜೆಯಿಂದಲೇ. ಬಸ್ ನಿಲ್ದಾಣದಿಂದ ಮಾರುಕಟ್ಟೆಗೆ ಇಷ್ಟು, ಮಾರುಕಟ್ಟೆಯಿಂದ ದಡಕ್ಕೆ ಇಷ್ಟು ಎಂದು ಕಿಸೆಪುಸ್ತಕದಲ್ಲಿ ಗೀಚಿಕೊಂಡು ಬರುವನು. ಅಕ್ಕ ಅದನ್ನು ಮೀಟರಿಗೆ ತಿರುಗಿಸಿ ನಕ್ಷೆಗೆ ಇಳಿಸುವಳು. ಎಂಟು ವರ್ಷದ ಹಿಂದೆ ಬಲಮೊಣಕಾಲು ಕೆಟ್ಟ ಮೇಲೆ ಅವನ ಹೆಜ್ಜೆ ಅರವತ್ತೆಂಟು ಸೆಂಟಿಮೀಟರಿಗೆ ಇಳಿದಿತ್ತು. ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಲ್ಲರೂ ತಮ್ಮಂದಿರನ್ನು ಮುಖ ನೋಡಿ ಗುರುತಿಸಿದರೆ ಇವಳು ಅಂಕಿ ನೋಡಿ ಗುರುತಿಸುವಳು ಎಂದು ಆಫೀಸಿನಲ್ಲಿ ನಗೆಯಾಡುತ್ತಿದ್ದರು.

ಐದು ದಿನದಿಂದ ಅಕ್ಕ, ಪೊಲೀಸರು ಹಿಂದಿರುಗಿಸಿದ ಆ ಕಿಸೆಪುಸ್ತಕ ಹಿಡಿದು, ಬಾಡಿಗೆ ಟ್ಯಾಕ್ಸಿಯಲ್ಲಿ, ತಮ್ಮ ನಡೆದಲ್ಲೆಲ್ಲ ನಡೆದಿದ್ದಳು. ನೋಡಿದವರಿಗೆ ಅವಳೂ ಒಬ್ಬ ಪ್ರವಾಸಿ. ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೂತಿದ್ದ ಸುಣ್ಣದ ಮನೆಗಳ ಊರು ನೋಡಿದಳು. ಅಲ್ಲಿ ಮುದುಕಿಯೊಬ್ಬಳು ಕಿಟಕಿಯಿಂದಲೇ ಬಲೆ ಹೆಣೆಯುತ್ತ ದಾರಿ ಹೇಳಿದಳು. ಉಪ್ಪಿನ ಗದ್ದೆಗಳ ನಡುವಿನ ಕಿರಿದಾದ ಏರಿಯ ಮೇಲೆ, ಎರಡೂ ಕಡೆ ಆಕಾಶ ಬಿದ್ದುಕೊಂಡಿದ್ದ ನೀರಿನ ಮಧ್ಯೆ ನಡೆದಳು. ಪಟ್ಟೆಪಟ್ಟೆ ಕೊಡೆಗಳ ದೊಡ್ಡ ದಡದಲ್ಲಿ ಮಕ್ಕಳು ಮರಳು ತೋಡುವುದನ್ನು ನೋಡುತ್ತ ನಿಂತಳು. ಬಿಸಿಲು ಎಲ್ಲದರ ಮೇಲೂ ಧಾರಾಳವಾಗಿ ಸುರಿಯುತ್ತಿತ್ತು. ಇಷ್ಟು ಚೆಂದದ ಜಾಗ ತನ್ನ ತಮ್ಮನನ್ನು ನುಂಗಿತಲ್ಲ ಎಂದು ಅವಳಿಗೆ ಆ ಚೆಂದದ ಮೇಲೆಯೇ ಕೋಪ ಬಂದಿತ್ತು.

ಹೋದಲ್ಲೆಲ್ಲ ಅಳೆದಳು. ಎಲ್ಲವೂ ಅರವತ್ತೆಂಟಕ್ಕೆ ಕೂತವು.

ಬುಧವಾರದ ಪುಟದಲ್ಲಿ ಎರಡೇ ಸಾಲು. ‘ಬಸ್ಸು – ದೀಪ: 1150’. ಇದು ಬಸ್ ನಿಲ್ದಾಣದಿಂದ ದಿಬ್ಬದ ಮೇಲೆ ನಿಂತು ಹಡಗುಗಳಿಗೆ ಬೆಳಕು ತೋರುವ ಈ ದೀಪಸ್ತಂಭಕ್ಕೆ ಇರುವ ದಾರಿ. ಅಳೆದರೆ ಸರಿಯಾಗಿ ಕೂತಿತು. ಅದರ ಕೆಳಗೆ ‘ಗೇಟು – ಬಂಡೆ: 540’. ಆಮೇಲಿನ ಪುಟಗಳೆಲ್ಲ ಖಾಲಿ.

ಆ ಗೇಟು ಎಂದರೆ ಊರ ದಡದ ಗೇಟು ಎಂದರು ಪೊಲೀಸರು. ಅಲ್ಲಿ ಅಪಾಯದ ಫಲಕವಿದೆ. ಫಲಕ ಲೆಕ್ಕಿಸದೆ, ಕಡಲು ಇಳಿದಿದ್ದಾಗ ಮರಳಿನ ಮೇಲೆ ನಡೆದು ಬಂಡೆಯ ಬುಡಕ್ಕೆ ಬಂದ, ನೀರು ಏರಿತು, ಹಿಂದಿರುಗಲು ದಾರಿ ಇರಲಿಲ್ಲ. ಇದು ಅವರ ವರದಿ. ದಡದ ಗೇಟಿನಿಂದ ಚೂಪುಬಂಡೆಗೆ ಹತ್ತಿರ ಹತ್ತಿರ ಎರಡು ಕಿಲೋಮೀಟರು, ಐನೂರ ನಲವತ್ತು ಹೆಜ್ಜೆಗೆ ಅರ್ಧ ದಾರಿಯೂ ಸಾಗುವುದಿಲ್ಲ, ಅಲ್ಲದೆ ಆ ಮೊಣಕಾಲಲ್ಲಿ ಅವನು ಮರಳಿನ ಮೇಲೆ ಅಷ್ಟು ದೂರ ನಡೆಯಲಾರ ಎಂದು ಅಕ್ಕ ವಾದಿಸಿದಳು. “ರಜೆಗೆ ಬಂದೋರಿಗೆ ಮೊಣಕಾಲು ನೆನಪಿರಲ್ಲಮ್ಮ,” ಎಂದಿದ್ದರು ಇನ್ಸ್‌ಪೆಕ್ಟರು. ಅವನು ಬಂದದ್ದು ರಜೆಗಲ್ಲ, ಕೆಲಸಕ್ಕೆ. ಅದನ್ನೂ ಹೇಳಿದಳು. “ನೋಟ್‌ಬುಕ್ಕಿನ ಅಂಕಿ ಸಾಕ್ಷಿಯಾಗಲ್ಲ. ಬೇರೆ ಏನಾದ್ರೂ ಇದ್ರೆ ಗುರುವಾರ ನಾಲ್ಕು ಗಂಟೆಯೊಳಗೆ ತಗೊಂಡು ಬನ್ನಿ. ಇಲ್ಲಾಂದ್ರೆ ಸಹಿ ಹಾಕಿ, ಫೈಲು ಮುಚ್ಚಿಬಿಡೋಣ.”

ತಮ್ಮನ ಹೆಂಡತಿ ಹೊರಡುವಾಗ ಒಂದೇ ಮಾತು ಕೇಳಿದ್ದಳು. “ಅತ್ತಿಗೆ, ಊರೋರಿಗೆಲ್ಲ ಎಚ್ಚರಿಕೆ ಬರೆದುಕೊಡೋರು ತಾವೇ ಬೋರ್ಡು ನೋಡದೆ ಹೋದ್ರಾ? ಮಗಳು ಕೇಳ್ತಾಳೆ. ಏನಂತ ಹೇಳಲಿ?” ಮಗಳಿಗೆ ಎಂಟು ವರ್ಷ. ಅಪ್ಪ ತನ್ನ ಅಸಡ್ಡೆಯಿಂದ ಸತ್ತ ಎಂದು ಸರಕಾರಿ ಕಾಗದದಲ್ಲಿ ಒಮ್ಮೆ ಬಿದ್ದರೆ ಅದನ್ನು ಅಳಿಸುವವರಿಲ್ಲ. ಅದಕ್ಕೆ ಸಹಿ ಹಾಕುವ ಕೈ ಮಾತ್ರ ಇವಳದು.

ಹಾಗಾಗಿ ಊರಿನ ಗೇಟುಗಳನ್ನೆಲ್ಲ ಸುತ್ತಿಯಾಗಿತ್ತು. ಉಳಿದಿದ್ದದ್ದು ಇದೊಂದೇ: ದೀಪಸ್ತಂಭದ ಕಾಂಪೌಂಡಿನ ಹಿಂದಿನ ಪುಟ್ಟ ಗೇಟು. ಅಲ್ಲಿಂದ ದಿಬ್ಬದ ನೆತ್ತಿಯ ಮೇಲೆ, ಮುಳ್ಳುಪೊದೆಗಳ ನಡುವೆ, ಒಂದು ಕಾಲುದಾರಿ ಬಂಡೆಯ ತಲೆಗೆ ಹೋಗುತ್ತದೆ. ಯಾವ ನಕ್ಷೆಯಲ್ಲೂ ಇಲ್ಲದ ದಾರಿ. ಐನೂರ ನಲವತ್ತಕ್ಕೆ ಅಷ್ಟಿಷ್ಟು ಹತ್ತಿರ ಬಂದದ್ದೂ ಇದೊಂದೇ. ಆದರೆ ನಲವತ್ತಮೂರು ಮೀಟರು ಜಾಸ್ತಿ.

“ಮುನ್ನೂರ ಅರವತ್ತೇಳು ಬರಬೇಕಿತ್ತು,” ಎಂದು ಅಕ್ಕ ಪೆನ್ನು ಮುಚ್ಚಿದಳು.

ಡ್ರೈವರ್ ಟೇಪು ಸುತ್ತುತ್ತ ನೀರಿನ ಕಡೆ ನೋಡಿದ. ಕೆಳಗೆ ಕಡಲು ಬಂಡೆಯ ಸಂದಿಗೆ ನುಗ್ಗಿ ನೊರೆ ಉಗುಳುತ್ತಿತ್ತು. ಅವನು ಮಾತಿನ ಮನುಷ್ಯ, ಸುಮ್ಮನಿರುವುದು ಅವನಿಗೆ ಶಿಕ್ಷೆ.

“ಅದೇನು ಹೆಜ್ಜೆ ಲೆಕ್ಕಾನೋ ಅಮ್ಮ. ಇದೇ ದಾರೀನ ನಾನು ನಡೆದ್ರೆ ಆರುನೂರು ದಾಟುತ್ತೆ. ನಂದು ಗಿಡ್ಡ ಕಾಲು. ಮದುವೆ ಮನೇಲಿ ನನ್ನ ಹೆಂಡತಿ ಮುಂದೆ, ನಾನು ಓಡ್ಕೊಂಡು ಹಿಂದೆ.”

ಅಕ್ಕ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು. ನಾನೂರ ಹತ್ತನ್ನು ಐನೂರ ನಲವತ್ತರಿಂದ ಭಾಗಿಸಿದಳು. ಎಪ್ಪತ್ತಾರು.

ದಾರಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಕಾಲು.

ತಮ್ಮನ ಕೈಬರಹ, ತಮ್ಮನ ಪುಸ್ತಕ, ಆದರೆ ಹೆಜ್ಜೆ ಅವನದಲ್ಲ. ಮೊಣಕಾಲು ಹಿಡಿದುಕೊಂಡು ಅವನು ಎಲ್ಲೋ ಕೂತಿದ್ದಾನೆ, ಇನ್ನೊಬ್ಬರು ಅವನ ಪರವಾಗಿ ನಡೆದು, ಎಣಿಸಿ, ಬಂದು ಹೇಳಿದ್ದಾರೆ, ಅವನು ಬರೆದುಕೊಂಡಿದ್ದಾನೆ. ಎಪ್ಪತ್ತಾರು ಸೆಂಟಿಮೀಟರು ಎಂದರೆ ಎತ್ತರದ ಆಳು.

ಅವಳು ತಿರುಗಿ ನೋಡಿದಳು. ಬಿಳಿ ಗೋಪುರದ ಬುಡದಲ್ಲಿ ದೀಪಸ್ತಂಭದ ಕಾವಲುಗಾರ ನಿಂತು ಇವರನ್ನೇ ನೋಡುತ್ತಿದ್ದ. ಆರಡಿ ಮೀರಿದ ಮನುಷ್ಯ.

* * *

ಬುಧವಾರ ದೀಪಸ್ತಂಭ ಪ್ರವಾಸಿಗಳಿಗೆ ಮುಚ್ಚಿರುತ್ತದೆ, ಆ ದಿನ ಕಾಗೆಯೂ ಒಳಗೆ ಬಂದಿಲ್ಲ ಎಂದು ಪೊಲೀಸರಿಗೆ ಬರೆದುಕೊಟ್ಟವನು ಇದೇ ಕಾವಲುಗಾರ. ಬೆಳಿಗ್ಗೆ ಟಿಕೆಟು ಕೊಳ್ಳುವಾಗ ಅಕ್ಕ ತಾನು ಯಾರೆಂದು ಅವನಿಗೆ ಹೇಳಿರಲಿಲ್ಲ. ನಕ್ಷೆ ಕೆಲಸ ಎಂದಷ್ಟೇ ಹೇಳಿದ್ದಳು, ಅದು ಸುಳ್ಳೂ ಅಲ್ಲ.

“ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ?” ಎಂದು ಕೇಳಿದಳು.

“ಕೂತ್ಕೊಳ್ಳಿ ತಾಯಿ. ತರ್ತೀನಿ.”

ಅವನು ಅಂಗಳ ದಾಟಿ ತನ್ನ ಕೋಣೆಗೆ ಹೋದ. ಕಡಲಗಾಳಿ ಅಂಗಳದ ತುಂಬ ತೆಳ್ಳಗೆ ಮರಳು ಹರಡಿತ್ತು. ಅವನು ಮರೆಯಾಗುತ್ತಲೇ ಅಕ್ಕ ಮಂಡಿಯೂರಿ ಅವನ ಹೆಜ್ಜೆಗುರುತುಗಳಿಗೆ ಟೇಪು ಹಿಡಿದಳು. ಹಿಮ್ಮಡಿಯಿಂದ ಹಿಮ್ಮಡಿಗೆ ಎಪ್ಪತ್ತಾರು. ಮುಂದಿನದು ಎಪ್ಪತ್ತೈದು. ಎಪ್ಪತ್ತಾರು. ಎಪ್ಪತ್ತೇಳು.

ಅವಳು ಏಳುವ ಮೊದಲೇ ಅವನು ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಏನು ಅಳೀತಿದ್ದೀರಿ?”

“ನಿಮ್ಮ ಹೆಜ್ಜೆ.”

ಡ್ರೈವರ್ ಮಾತಾಡಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

“ಮೂರು ವಾರದ ಹಿಂದೆ, ಬುಧವಾರ, ನೀವು ಆ ಹಿಂದಿನ ಗೇಟಿನಿಂದ ಬಂಡೆವರೆಗೂ ನಡೆದು ಎಣಿಸಿದ್ರಿ,” ಎಂದಳು ಅಕ್ಕ. “ಐನೂರ ನಲವತ್ತು. ಹೌದೋ ಅಲ್ವೋ?”

“ಬುಧವಾರ ಇಲ್ಲಿಗೆ ಯಾರನ್ನೂ ಬಿಡಲ್ಲ. ಗಾಜು ಒರೆಸೋ ದಿನ ಅದು.”

“ಕೇಳಿದ್ದು ಅದಲ್ಲ.”

“ಪೊಲೀಸ್ನೋರಿಗೆ ಎಲ್ಲ ಹೇಳಿದ್ದೀನಿ ತಾಯಿ. ನೀವ್ಯಾರು ಕೇಳೋಕೆ?”

“ನಾನು ಅವನ ಅಕ್ಕ.”

ಕಾವಲುಗಾರ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಅವನ ಮುಖದಲ್ಲಿ ಹೆದರಿಕೆ ಕಾಣುತ್ತದೆ ಎಂದು ಅಕ್ಕ ಕಾದಿದ್ದಳು. ಕಂಡದ್ದು ಗಲಿಬಿಲಿ.

“ಯಾರ ಅಕ್ಕ?” ಎಂದ ನಿಧಾನವಾಗಿ.

“ಸತ್ತೋನ ಅಕ್ಕ. ಒಡಹುಟ್ಟಿದೋಳು. ಅವನಿಗೆ ಇರೋದು ನಾನೊಬ್ಬಳೇ.”

“ಅದು ಹೇಗಾಗುತ್ತೆ?” ಅವನು ಲೋಟವನ್ನು ಕಿಟಕಿಕಟ್ಟೆಯ ಮೇಲಿಟ್ಟು ಗೋಡೆಗೆ ಒರಗಿದ. “ಅವತ್ತು ಅವರ ಹಿಂದೆಯೇ ಬಂದಿದ್ರಲ್ಲ. ಅವರ ಅಕ್ಕ.”

ಅಕ್ಕನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. ಕೇಳಿಸಿಕೊಂಡಿದ್ದಳು.

“ಒಳಗೆ ಬನ್ನಿ,” ಎಂದ ಅವನು. ದನಿ ಇಳಿದಿತ್ತು. “ಇದನ್ನ ಹೊರಗೆ ನಿಂತು ಹೇಳೋಕಾಗಲ್ಲ.”

* * *

ಕೋಣೆ ಚಿಕ್ಕದು. ಮೊಳೆಗಳಿಗೆ ಬೀಗದ ಕೈಗಳು, ಒಂದೊಂದರ ಕೆಳಗೆ ಅದರ ಹೆಸರು. ಮೇಜಿನ ಮೇಲೆ ಹಿತ್ತಾಳೆ ತಿಕ್ಕುವ ಹುಡಿ, ಮಡಚಿಟ್ಟ ಬಟ್ಟೆಗಳು, ಒಂದು ಹೊಸ ಸಂದರ್ಶಕರ ಪುಸ್ತಕ. ಮೂವತ್ತೊಂದು ವರ್ಷ ಒಬ್ಬನೇ ಇದ್ದ ಮನುಷ್ಯನ ಅಚ್ಚುಕಟ್ಟು ಆ ಕೋಣೆಯಲ್ಲಿತ್ತು.

“ಇನ್ನು ಎಂಟು ತಿಂಗಳು ಸರ್ವೀಸು,” ಎಂದ ಅವನು. “ಮುಚ್ಚಿದ ದಿನ ಜನರನ್ನ ಬಿಟ್ಟಿದ್ದೆ ಅಂತ ಗೊತ್ತಾದ್ರೆ ಈ ಕೋಣೆಯಿಂದಲೂ ಹೊರಗೆ ಹಾಕ್ತಾರೆ. ಅದಕ್ಕೇ ಬಾಯಿ ಹೊಲ್ಕೊಂಡೆ. ಮೂರು ವಾರದಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ.”

“ಯಾಕೆ ಬಿಟ್ರಿ?”

“ಕಾಲು ಊದಿಕೊಂಡಿತ್ತು ಅವರಿಗೆ. ಗೇಟಿನ ಕಂಬ ಹಿಡ್ಕೊಂಡು ನಿಂತಿದ್ರು. ‘ಹತ್ತು ನಿಮಿಷ ಕೂರ್ತೀನಿ, ಒಂದು ದಾರಿ ನೋಡಬೇಕು,’ ಅಂದ್ರು. ಒಳ್ಳೆ ಮಾತು. ಸ್ವಲ್ಪ ಹೊತ್ತಿಗೆ ಆ ಹೆಂಗಸು ಕಾರಿನಿಂದ ಇಳಿದು ಬಂದ್ರು. ಅಗಲ ಟೋಪಿ, ಕಪ್ಪು ಕನ್ನಡಕ. ನಿಮ್ಮ ತಮ್ಮ ಹಿಂಬದಿ ಕಟ್ಟೆ ಮೇಲೆ ಕೂತಿದ್ರು. ಇವರು ಇಲ್ಲಿಗೆ ಬಂದು, ‘ಅವನು ನನ್ನ ತಮ್ಮ’ ಅಂದ್ರು. ನಾನ್ಯಾಕೆ ಅನುಮಾನಪಡಲಿ?”

“ಆಮೇಲೆ?”

“‘ಬಂಡೆಗೆ ಎಷ್ಟು ಹೆಜ್ಜೆ, ನಡೆದು ಹೇಳ್ತೀರಾ?’ ಅಂತ ನಿಮ್ಮ ತಮ್ಮ ಕೇಳಿದ್ರು. ನಡೆದೆ. ವಾಪಸ್ಸು ಬರುವಾಗ ಇಬ್ಬರಿಗೂ ಮಾತು ಜೋರಾಗಿತ್ತು.”

“ಏನಂತ?”

ಕಾವಲುಗಾರ ಕಣ್ಣು ಮುಚ್ಚಿ ನೆನಪಿಸಿಕೊಂಡ. “‘ದಾರಿ ಇರೋದು ಇಲ್ಲಿ ಮೇಲೆ. ನಾವು ಅಚ್ಚು ಹಾಕಿರೋದು ಕೆಳಗೆ, ಮರಳ ಮೇಲೆ. ಎರಡು ವರ್ಷದಿಂದ ಜನ ನಮ್ಮ ಪುಸ್ತಕ ಹಿಡ್ಕೊಂಡೇ ಕೆಳಗಿಳೀತಿದ್ದಾರೆ,’ ಅಂದ್ರು ನಿಮ್ಮ ತಮ್ಮ. ಹೋದ ಬೇಸಿಗೇಲಿ ಆ ಬುಡದಲ್ಲಿ ಗಂಡ ಹೆಂಡತಿ ಇಬ್ರೂ ಹೋದ್ರಲ್ಲ, ಅವರ ಚೀಲದಲ್ಲೂ ಅದೇ ಪುಸ್ತಕ ಇತ್ತಂತೆ. ನಿಮ್ಮ ತಮ್ಮ ಅದನ್ನೇ ಹೇಳ್ತಿದ್ರು. ಆ ಹೆಂಗಸು ಮಾತ್ರ ‘ಮೆತ್ತಗೆ, ಮೆತ್ತಗೆ’ ಅಂತಿದ್ರು.”

“ನೀವು ಎಲ್ಲಿ ಹೋದ್ರಿ?”

“ಗಾಜು ಒರೆಸೋಕೆ ಮೇಲೆ. ಹಗಲು ಹೊತ್ತು ಪರದೆ ಸರಿಸಿದ್ರೆ ಬಿಸಿಲು ಆ ಗಾಜಿಗೆ ಬಿದ್ದು ಬಟ್ಟೆಗೆ ಬೆಂಕಿ ಹತ್ಕೊಳ್ಳುತ್ತೆ. ಪರದೆ ಎಳೆದೇ ಕೆಲಸ ಮಾಡಬೇಕು. ಹೊರಗಡೆದು ಏನೂ ಕಾಣಲಿಲ್ಲ. ಇಳಿದು ಬಂದಾಗ ಇಬ್ರೂ ಇರಲಿಲ್ಲ. ಹೊರಟ್ರು ಅಂದ್ಕೊಂಡೆ. ಬೆಳಿಗ್ಗೆ ಮೀನುಗಾರರು ಕೂಗ್ಕೊಂಡು ಬಂದ್ರು.”

ಅಕ್ಕ ಅವನನ್ನು ಬೈಯಬೇಕೆಂದುಕೊಂಡಳು. ಬೈಗುಳ ಬಾಯಿಗೆ ಬರಲಿಲ್ಲ. ತಮ್ಮ ಸಾಯುವ ದಿನ ಅವನ ಪರವಾಗಿ ನಾನೂರು ಮೀಟರು ಬಿಸಿಲಲ್ಲಿ ನಡೆದು ಬಂದ ಮನುಷ್ಯ ಇವನು.

“ಅವಳು ಇಲ್ಲಿಗೆ ಬಂದಿದ್ದಳು ಅನ್ನೋಕೆ ನಿಮ್ಮ ಮಾತು ಬಿಟ್ರೆ ಬೇರೆ ಏನಿದೆ?”

ಕಾವಲುಗಾರ ಎದ್ದು ಎಣ್ಣೆಯ ಕಪಾಟು ತೆರೆದ. ಹಳೆಯ ಪರದೆಗಳ ಅಡಿಯಿಂದ ಒಂದು ದಪ್ಪ ಪುಸ್ತಕ ತೆಗೆದ.

“ಬರೆಸದೆ ಯಾರನ್ನೂ ಒಳಗೆ ಬಿಟ್ಟಿಲ್ಲ, ಮೂವತ್ತೊಂದು ವರ್ಷದಲ್ಲಿ. ಬುಧವಾರ ಬಿಡಬಾರದು ಅಂತ ಗೊತ್ತು. ಆದ್ರೂ ಕೈ ತಾನಾಗೇ ಪುಸ್ತಕ ಮುಂದೆ ಇಟ್ಟುಬಿಡ್ತು.” ಅವನಿಗೇ ನಾಚಿಕೆಯಾದಂತಿತ್ತು. “ಹರಿದು ಹಾಕೋಣ ಅಂದ್ರೆ ಪುಟಕ್ಕೆಲ್ಲ ನಂಬರು. ಒಂದು ಹೋದ್ರೂ ಗೊತ್ತಾಗುತ್ತೆ. ಅದಕ್ಕೆ ತುಂಬೋ ಮೊದಲೇ ಹೊಸದು ಶುರು ಮಾಡಿ ಇದನ್ನ ಅಡಗಿಸಿಟ್ಟೆ.”

ಮುಚ್ಚಿದ ದಿನ ಜನರನ್ನು ಕಳ್ಳತನದಿಂದ ಒಳಬಿಟ್ಟು, ಅದನ್ನು ಶಿಸ್ತಾಗಿ ದಾಖಲಿಸಿಟ್ಟ ಮನುಷ್ಯನನ್ನು ಬೇರೆಲ್ಲಿ ನೋಡಬೇಕು? ಅಕ್ಕನಿಗೆ ಅವನ ಮೇಲೆ ಒಂದು ಕ್ಷಣ ಪ್ರೀತಿಯೇ ಉಕ್ಕಿತು. ಆಫೀಸಿನಲ್ಲಿ ತಾವೆಲ್ಲ ಇದೇ ಜಾತಿಯ ಜನ.

ಕೊನೆಯ ಪುಟ ತಿರುವಿದಳು. ಮೊದಲ ಸಾಲು ತಮ್ಮನದು, ಓರೆಯಾಗಿ, ಅವಸರದಲ್ಲಿ. ಅದರ ಕೆಳಗೆ ದುಂಡಗೆ, ಬಿಡಿಬಿಡಿಯಾಗಿ ಬರೆದ ಇನ್ನೊಂದು.

ಅಕ್ಕ ಅದನ್ನು ಎರಡು ಸಲ ಓದಿದಳು. ಹೆಸರು ಅವಳದೇ. ಬೀದಿ ಅವಳದೇ. ಮನೆಯ ನಂಬರೂ ಅವಳದೇ.

ಅವಳು ಈ ಕಡಲ ತೀರಕ್ಕೆ ಕಾಲಿಟ್ಟು ಇಂದಿಗೆ ಆರು ದಿನ. ಅದಕ್ಕೆ ಮುಂಚೆ ಇದನ್ನು ನಕ್ಷೆಯಲ್ಲಲ್ಲದೆ ಎಲ್ಲೂ ಕಂಡವಳಲ್ಲ.

“ಏನಮ್ಮ, ಯಾರ ಹೆಸರು?” ಡ್ರೈವರ್ ಭುಜದ ಮೇಲಿಂದ ಇಣುಕಿದ.

ಅವಳ ಕಣ್ಣು ಮನೆಯ ನಂಬರಿನ ಮೇಲೆ ನಿಂತುಬಿಟ್ಟಿತ್ತು. ಬರೆದವರು ಮೊದಲು ಒಂದಂಕಿ ತಪ್ಪಿದ್ದರು. ತಪ್ಪಿದರೆ ಲೋಕದ ಜನ ಏನು ಮಾಡುತ್ತಾರೆ? ಅದರ ಮೇಲೆಯೇ ತಿದ್ದಿ ಬರೆಯುತ್ತಾರೆ, ಇಲ್ಲವೇ ಗೀಚಿ ಪಕ್ಕದಲ್ಲಿ ಬರೆಯುತ್ತಾರೆ. ಇಲ್ಲಿ ಹಾಗಿರಲಿಲ್ಲ. ತಪ್ಪಂಕಿಯ ಮೇಲೆ ಒಂದೇ ಒಂದು ತೆಳು ಓರೆಗೆರೆ. ಸರಿಯಾದ ಅಂಕಿ ಪುಟದ ಬಲಗಡೆಯ ಅಂಚಿನಲ್ಲಿ. ಆ ಅಂಕಿಯ ಮುಂದೆ ಮತ್ತೊಂದು ಓರೆಗೆರೆ.

ಅದು ಕರಡು ತಿದ್ದುವವರ ಗುರುತು. ಅಚ್ಚಿಗೆ ಹೋಗುವ ಹಾಳೆಯ ಮೇಲೆ ದಿನಕ್ಕೆ ನೂರು ಸಲ ಹಾಕಿ ಹಾಕಿ ಬೆರಳಿಗೆ ಹತ್ತಿದ ಚಟ. ಸುಳ್ಳು ಹೆಸರು ಬರೆಯುವಾಗಲೂ ಬೆರಳು ಅದನ್ನು ಬಿಟ್ಟಿರಲಿಲ್ಲ.

ಆ ಆಫೀಸಿನಲ್ಲಿ ಹಾಗೆ ತಿದ್ದುತ್ತಿದ್ದವರು ಮೂವರು. ಒಬ್ಬ ತಮ್ಮ. ಒಬ್ಬಳು ತಾನು. ಮೂರನೆಯವರು ಇವರಿಬ್ಬರಿಗೂ ಪೆನ್ಸಿಲು ಹಿಡಿಯುವುದನ್ನು ಕಲಿಸಿದವರು: ಪ್ರಕಾಶನದ ಸಂಪಾದಕಿ. ತಮ್ಮ ಸತ್ತ ಸುದ್ದಿ ಬಂದ ದಿನ ಅವನ ಹೆಂಡತಿಯನ್ನು ತಬ್ಬಿಕೊಂಡು ಅತ್ತವರು. ಅಕ್ಕನಿಗೆ ಇನ್ನೊಂದು ನೆನಪಾಯಿತು. ಎರಡು ವರ್ಷದ ಹಿಂದಿನ ಆ ಮುದ್ರಣದ ನಕ್ಷೆ ತನ್ನ ಮೇಜಿಗೆ ಬಂದೇ ಇರಲಿಲ್ಲ. ಹೊತ್ತಾಯಿತು ಎಂದು ಸಂಪಾದಕಿಯೇ ನೋಡಿ ಅಚ್ಚಿಗೆ ಕಳುಹಿಸಿದ್ದರು. ಆದರೆ ಪುಸ್ತಕದ ಕೊನೆಯ ಪುಟದಲ್ಲಿ ‘ನಕ್ಷೆ ಪರಿಶೀಲನೆ’ ಎಂಬಲ್ಲಿ ಎಂದಿನಂತೆ ಅಚ್ಚಾದದ್ದು ಅಕ್ಕನ ಹೆಸರು.

“ಆ ಹೆಂಗಸನ್ನ ಮತ್ತೆ ನೋಡಿದ್ರೆ ಗುರುತು ಹಿಡೀತೀರಾ?” ಎಂದಳು.

ಕಾವಲುಗಾರ ತಲೆ ತಗ್ಗಿಸಿದ. “ಟೋಪಿ, ಕನ್ನಡಕ... ಮುಖ ಕಂಡಿದ್ದೇ ಕಮ್ಮಿ. ಹೆಚ್ಚು ಕಡಿಮೆ ನಿಮ್ಮ ಎತ್ತರ. ಸುಳ್ಳು ಹೇಳಲ್ಲ ತಾಯಿ, ನೀವಲ್ಲ ಅಂತ ಆಣೆ ಮಾಡು ಅಂದ್ರೂ ನನ್ನಿಂದಾಗಲ್ಲ.”

ಡ್ರೈವರಿಗೆ ಈಗ ವಿಷಯ ಅರ್ಥವಾಗಿತ್ತು. ಅವನು ಮೆಲ್ಲಗೆ ಅಂದ, “ಅಮ್ಮ, ಈ ಪುಸ್ತಕ ಠಾಣೆಗೆ ಕೊಟ್ರೆ ಕುಣಿಕೆ ನಿಮ್ಮ ಕುತ್ತಿಗೆಗೇ ಬೀಳುತ್ತೆ. ಯೋಚನೆ ಮಾಡಿ. ಸಹಿ ಹಾಕಿ ಊರಿಗೆ ಹೋಗಿಬಿಡಿ. ಹೋದೋರಂತೂ ಬರಲ್ಲ.”

ಅದು ಸುಳ್ಳಲ್ಲ. ಪುಸ್ತಕ ಕಪಾಟಿನಲ್ಲೇ ಉಳಿದರೆ ಅವಳು ಕ್ಷೇಮ. ತಮ್ಮ ಒಬ್ಬನೇ ಬಂದ, ಬೋರ್ಡು ನೋಡಲಿಲ್ಲ, ಸತ್ತ. ಪುಸ್ತಕ ಹೊರಗೆ ಬಂದರೆ ತಮ್ಮ ಒಬ್ಬನೇ ಇರಲಿಲ್ಲ ಎಂದಾಗುತ್ತದೆ; ಜೊತೆಗಿದ್ದವಳು ತಾನು ಎಂದೂ ಆಗುತ್ತದೆ.

ಅವಳಿಗೆ ಹೆದರಿಕೆಯಾಯಿತು. ಎಂಟು ವರ್ಷದ ಹುಡುಗಿ ಊಟದ ತಟ್ಟೆಯ ಮುಂದೆ ಕೂತು ಅಪ್ಪ ಯಾಕೆ ಬೋರ್ಡು ಓದಲಿಲ್ಲ ಎಂದು ಕೇಳುವುದು ಕಣ್ಣಿಗೆ ಕಟ್ಟಿತು.

“ಗಾಡಿ ತಿರುಗಿಸಿ,” ಎಂದಳು. ಆಮೇಲೆ ಕಾವಲುಗಾರನ ಕಡೆ ತಿರುಗಿ, “ನೀವೂ ಬರ್ತೀರಾ?”

ಅವನು ಬಹಳ ಹೊತ್ತು ಬೀಗದ ಕೈಗಳನ್ನು ನೋಡುತ್ತ ನಿಂತ. ಕೊನೆಗೆ ಒಂದನ್ನು ತೆಗೆದುಕೊಂಡು ಕೋಣೆಗೆ ಬೀಗ ಹಾಕಿದ.

* * *

ಠಾಣೆ ತಲುಪಿದಾಗ ಮೂರೂವರೆ. ಇನ್ಸ್‌ಪೆಕ್ಟರು ಕೆಟ್ಟವರಲ್ಲ, ಕೆಲಸ ಮುಗಿದರೆ ಸಾಕು ಎನ್ನುವವರು. ಸಹಿಯ ಹಾಳೆ ಮೇಜಿನ ಮೇಲೆ ತಯಾರಾಗಿತ್ತು, ಹಾರದಂತೆ ಅದರ ಮೇಲೊಂದು ಪೇಪರ್‌ವೇಟ್ ಇಟ್ಟಿದ್ದರು.

“ಬನ್ನಿ ಅಮ್ಮ. ಇಲ್ಲೊಂದು, ಇಲ್ಲೊಂದು ಸಹಿ.”

ಅಕ್ಕ ಆ ಹಾಳೆಯ ಮೇಲೆಯೇ ದಪ್ಪ ಪುಸ್ತಕ ಇಟ್ಟಳು.

“ನನ್ನ ತಮ್ಮ ಒಬ್ಬನೇ ಇರಲಿಲ್ಲ. ಅವನು ಮರಳ ಮೇಲೆ ಬಂದಿಲ್ಲ. ಮೇಲಿನ ದಾರೀಲಿದ್ದ. ಇವರು ನೋಡಿದ್ದಾರೆ.”

ಕಾವಲುಗಾರ ಹೇಳಬೇಕಾದ್ದನ್ನೆಲ್ಲ ನಿಂತೇ ಹೇಳಿದ. ನಡುವೆ ಒಮ್ಮೆಯೂ ತಪ್ಪಿಸಿಕೊಳ್ಳಲಿಲ್ಲ. ಇನ್ಸ್‌ಪೆಕ್ಟರು ಪುಟ ನೋಡಿದರು. ಹೆಸರು ಓದಿದರು. ಅಕ್ಕನ ಮುಖ ನೋಡಿದರು. ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡು ಬಂದರು.

“ಇದು ನೀವೇ ಬರೆದಿದ್ದಾ?”

“ಅಲ್ಲ. ನನ್ನ ಹೆಸರಲ್ಲಿ ಬೇರೆಯವರು ಬರೆದಿದ್ದು.”

“ಯಾರು?”

ಅಕ್ಕ ಅಂಚಿನ ಗುರುತನ್ನು ತೋರಿಸಿ ವಿವರಿಸಿದಳು. ಇನ್ಸ್‌ಪೆಕ್ಟರು ತಾಳ್ಮೆಯಿಂದ ಕೇಳಿದರು. “ಇದು ನಿಮ್ಮ ಆಫೀಸಿನೋರ ಅಭ್ಯಾಸ. ಸರಿ. ನಿಮಗೂ ಆ ಅಭ್ಯಾಸ ಇದೆಯಲ್ಲ?”

“ಇದೆ.”

“ಆ ತಪ್ಪು ನಕ್ಷೆಯ ಪುಸ್ತಕದಲ್ಲಿ ಯಾರ ಹೆಸರಿದೆ?”

“ನನ್ನದು.”

ಬಾಗಿಲ ಬಳಿ ಡ್ರೈವರ್ ಹಣೆ ಚಚ್ಚಿಕೊಂಡ.

“ನೋಡಿಮ್ಮ,” ಎಂದರು ಇನ್ಸ್‌ಪೆಕ್ಟರು. ದನಿ ಗಡುಸಾಗಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. “ಬುಧವಾರ ನೀವೆಲ್ಲಿದ್ರಿ?”

“ಮನೇಲಿ. ಅವತ್ತು ರಜ ಇತ್ತು.”

“ಜೊತೆಗೆ ಯಾರಿದ್ರು?”

“ಯಾರೂ ಇಲ್ಲ. ಕಣ್ಣು ನೋಯ್ತಿತ್ತು. ಒಂದಿನ ಮಲಗಿ ಸುಧಾರಿಸ್ಕೋ ಅಂತ ಸಂಪಾದಕಿಯೇ ಕಳಿಸಿದ್ರು.”

ಹೇಳಿದ ಮೇಲೆ ಆ ಮಾತಿನ ಭಾರ ಅವಳಿಗೇ ತಿಳಿಯಿತು. ರಜೆ ತಾನು ಕೇಳಿರಲಿಲ್ಲ. ಮಂಗಳವಾರ ಸಂಜೆ ಅವರೇ ಮೇಜಿನ ಬಳಿ ಬಂದು, ತಲೆ ಸ್ವಲ್ಪ ನೇವರಿಸಿ ಹೇಳಿದ್ದರು. ಅಮ್ಮ ಹೋದ ಮೇಲೆ ಅವಳ ತಲೆ ನೇವರಿಸಿದವರು ಅವರೊಬ್ಬರೇ.

“ನಂಬರು ಕೊಡಿ. ಅವರನ್ನೇ ಕೇಳೋಣ.”

ಅಕ್ಕ ನಂಬರು ಹೇಳಿದಳು. ಬೇರೆ ದಾರಿ ಇರಲಿಲ್ಲ. ಆಣೆ ಇಟ್ಟು ಹೇಳಬಲ್ಲಳು, ಆ ಗಳಿಗೆಯಲ್ಲೂ ಅವಳ ಮನಸ್ಸಿನ ಒಂದು ಮೂಲೆ ಇದೆಲ್ಲ ತನ್ನ ಭ್ರಮೆಯಾಗಿರಲಿ ಎಂದು ಬೇಡುತ್ತಿತ್ತು. ಅವರು ನಿಜ ಹೇಳಿಬಿಡಲಿ. ಹೌದು, ನಾನೇ ರಜ ಕೊಟ್ಟೆ ಎಂದುಬಿಡಲಿ.

ಇನ್ಸ್‌ಪೆಕ್ಟರು ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ತಾವು ಯಾರೆಂದು ಹೇಳಿ, ಆ ಬುಧವಾರದ ಬಗ್ಗೆ ಕೇಳಿದರು.

ಆ ಕಡೆಯಿಂದ ಅಕ್ಕ ಇಪ್ಪತ್ತು ವರ್ಷ ನಂಬಿದ ಮೆತ್ತನೆಯ ದನಿ ಬಂತು.

“ಅಯ್ಯೋ, ಅವಳು ನಿಮಗೆ ಹೇಳಿಲ್ವಾ ಇನ್ಸ್‌ಪೆಕ್ಟರೇ? ಮಂಗಳವಾರ ಅಳ್ತಾ ಬಂದು ಅವಳೇ ರಜ ಕೇಳಿದ್ದು. ‘ನಕ್ಷೆ ವಿಷಯ ತಮ್ಮ ಹೊರಗೆ ಹೇಳಿಬಿಡ್ತಾನೆ, ಹೋಗಿ ಅವನ ಬಾಯಿ ಮುಚ್ಚಿಸ್ಬೇಕು,’ ಅಂದ್ಳು. ಅವಳ ರಜದ ಚೀಟಿ ನನ್ನ ಹತ್ರನೇ ಇದೆ. ಕಾರಣ ಅಂತ ಅದನ್ನೇ ಬರೆದಿದ್ದಾಳೆ, ಅವಳದೇ ಅಕ್ಷರ. ಮೂರು ವಾರದಿಂದ ಇದನ್ನ ಯಾರಿಗೂ ಹೇಳದೆ ನಾನೂ ಸಾಯ್ತಿದ್ದೀನಿ.”

ಅಂಥ ಚೀಟಿಯನ್ನು ಅಕ್ಕ ಬರೆದೇ ಇರಲಿಲ್ಲ.

ಇನ್ಸ್‌ಪೆಕ್ಟರು ದಪ್ಪ ಪುಸ್ತಕದ ಅಡಿಯಿಂದ ಸಹಿಯ ಹಾಳೆಯನ್ನು ಎಳೆದು ಡ್ರಾಯರಿಗೆ ಹಾಕಿದರು. ಬೇರೊಂದು ಖಾಲಿ ಹಾಳೆ ತೆಗೆದು, ಮೇಲೆ ತಾರೀಖು, ಅದರ ಕೆಳಗೆ ಅಕ್ಕನ ಹೆಸರು ಬರೆದು, ಅವಳಿಗೆ ಕೂರಲು ಹೇಳಿದರು.